ಹಳೆ ಪ್ಲಾಸ್ಟಿಕ್ ಗೊಂಬೆಮನೆ: ಯಾವುದನ್ನು ಆರಿಸಬೇಕು, ಯಾವುದನ್ನು ರಿಪೇರಿ ಮಾಡಬಹುದು?

ಹಳೆ ಗೊಂಬೆಮನೆ ಮತ್ತು ಅದರ ಪುಟ್ಟ ಫರ್ನಿಚರ್ ಸಂಗ್ರಹಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಯಾವ ಕಂಪನಿಯದು ಒಳ್ಳೆಯದು ಅಂತ. ನಾನಾದರೆ ಮೊದಲು ನೋಡುವುದು ಇದು ಯಾವ ಪ್ಲಾಸ್ಟಿಕ್ ಅನ್ನುವುದನ್ನು. ಕಾಲು ಮುರಿದ ಕುರ್ಚಿ ಅಂಟುತ್ತದೆಯೋ ಇಲ್ಲವೋ, ಬಿಸಿನೀರು ತಾಗಿದರೆ ಸರಿಹೋಗುತ್ತದೆಯೋ ಹಾಳಾಗುತ್ತದೆಯೋ, ಇನ್ನೂ ಹತ್ತಾರು ವರ್ಷ ಬಾಳುತ್ತದೆಯೋ, ಇದೆಲ್ಲ ನಿಂತಿರುವುದು ಅದರ ಮೇಲೆ. ಕಂಪನಿಯ ಹೆಸರು ಆಮೇಲೆ ಬರಲಿ. ಹಾಗಾಗಿ ಈ ಹೋಲಿಕೆಯನ್ನು ಪ್ಲಾಸ್ಟಿಕ್‌ನಿಂದಲೇ ಶುರು ಮಾಡುತ್ತೇನೆ.

ಕೈಯಲ್ಲಿ ಹಿಡಿದು ಗುರುತಿಸುವುದು

ನಿಮಗೆ ಹೆಚ್ಚಾಗಿ ಸಿಗುವುದು ಎರಡು ಬಗೆ. ಒಂದು ಗಟ್ಟಿ ಪ್ಲಾಸ್ಟಿಕ್, ಅಂದರೆ ಪಾಲಿಸ್ಟೈರೀನ್. ಇನ್ನೊಂದು ಮೆತ್ತನೆಯದು, ಪಾಲಿಎಥಿಲೀನ್. ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ. ಪಾಲಿಸ್ಟೈರೀನ್ ಟಿಣ್ ಅಂತ ಸದ್ದು ಮಾಡುತ್ತದೆ, ಪಾಲಿಎಥಿಲೀನ್ ಸದ್ದು ಮಂದ. ಮುಟ್ಟಿದರೂ ಗೊತ್ತಾಗುತ್ತದೆ: ಮೆತ್ತನೆಯದರಲ್ಲಿ ಮೇಣ ಸವರಿದಂಥ ಜಾರು ಇರುತ್ತದೆ, ಸ್ವಲ್ಪ ಒತ್ತಿದರೆ ಬಾಗುತ್ತದೆ. ಗಟ್ಟಿಯದು ಬಾಗುವುದಿಲ್ಲ, ಹೆಚ್ಚು ಒತ್ತಿದರೆ ಚಟ್ಟನೆ ಮುರಿಯುತ್ತದೆ.

ಇನ್ನೂ ಅನುಮಾನ ಇದ್ದರೆ ನೀರಿನ ಪರೀಕ್ಷೆ. ಬಟ್ಟೆ, ಕಾಗದ, ಲೋಹ ಯಾವುದೂ ಇಲ್ಲದ ತುಂಡನ್ನು ತಣ್ಣೀರಿಗೆ ಹಾಕಿ. ಪಾಲಿಎಥಿಲೀನ್ ನೀರಿಗಿಂತ ಹಗುರ, ತೇಲುತ್ತದೆ. ಪಾಲಿಸ್ಟೈರೀನ್ ಸ್ವಲ್ಪವೇ ಭಾರ, ನಿಧಾನವಾಗಿ ಮುಳುಗುತ್ತದೆ. ಪೆಟ್ಟಿಗೆಯಾಕಾರದ ಬೀರುವಿನೊಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಗಟ್ಟಿಯದೂ ತೇಲಬಹುದು. ಅದಕ್ಕೇ ಓರೆ ಮಾಡಿ ಗಾಳಿ ಬಿಡಿಸಿ ನೋಡಬೇಕು.

ಮೂರನೆಯದು ಸೆಲ್ಯುಲೋಸ್ ಅಸಿಟೇಟ್. ಹಳೆಯ ಅಚ್ಚಿನ ಪ್ಲಾಸ್ಟಿಕ್ ಆಟಿಕೆಗಳಲ್ಲಿ ಸಿಗುತ್ತದೆ. ಇದನ್ನು ಮೂಗಿನಿಂದ ಗುರುತಿಸಬಹುದು. ಹಾಳಾಗಲು ಶುರುವಾದ ಅಸಿಟೇಟ್ ವಿನೆಗರ್ ವಾಸನೆ ಬಿಡುತ್ತದೆ, ಏಕೆಂದರೆ ಒಳಗಿನಿಂದ ಅಸಿಟಿಕ್ ಆಮ್ಲವೇ ಹೊರಬರುತ್ತಿರುತ್ತದೆ. ಟೇಬಲ್‌ನ ಮೇಲ್ಭಾಗ ತಟ್ಟೆಯ ಹಾಗೆ ಬಾಗಿದ್ದರೆ, ಕಾಲುಗಳು ಒಳಕ್ಕೆ ತಿರುಚಿಕೊಂಡಿದ್ದರೆ ವಾಸನೆ ನೋಡದೆ ಕೊಳ್ಳಬೇಡಿ. ಇದಕ್ಕೆ ಮದ್ದಿಲ್ಲ. ತೇವ ಮತ್ತು ಸೆಖೆ ಇಲ್ಲದ ಜಾಗದಲ್ಲಿಟ್ಟು ನಿಧಾನ ಮಾಡಬಹುದು, ಅಷ್ಟೇ. ಆ ಆವಿ ಪಕ್ಕದ ಲೋಹವನ್ನೂ ತಿನ್ನುತ್ತದೆ. ಅಪರೂಪದ ತುಂಡಾದರೆ ಬೇರೆ ಇಟ್ಟು ಸಾಕಿ, ಇಲ್ಲವಾದರೆ ಬಿಡಿ.

ಅಳತೆ ತಪ್ಪಿದರೆ ಏನೂ ಹೊಂದುವುದಿಲ್ಲ

ಎರಡನೆಯ ವಿಷಯ ಅಳತೆ. ಈಗಿನ ಹವ್ಯಾಸಿಗಳ ಗೊಂಬೆಮನೆಗಳಲ್ಲಿ 1:12 ಹೆಚ್ಚು, ಅಂದರೆ ನಿಜವಾದ ವಸ್ತುವಿನ ಹನ್ನೆರಡನೇ ಒಂದು ಭಾಗದಷ್ಟು. ಆದರೆ ಹಳೆ ಪ್ಲಾಸ್ಟಿಕ್ ಫರ್ನಿಚರ್ ಹೆಚ್ಚಾಗಿ 1:16 ಅಥವಾ 1:24. ಸ್ವೀಡನ್ನಿನ ಲುಂಡ್‌ಬಿ ಕಂಪನಿಯದು ಸುಮಾರು 1:18. ಫೋಟೋದಲ್ಲಿ ಇವೆಲ್ಲ ಒಂದೇ ಥರ ಕಾಣುತ್ತವೆ. ತಂದು ಕೂರಿಸಿದ ಮೇಲೇ ಸೋಫಾ ಹೆಚ್ಚುಕಡಿಮೆ ಬಾಗಿಲಿನಷ್ಟೇ ಎತ್ತರ ಅಂತ ಗೊತ್ತಾಗುವುದು.

ಮಾರುವವರನ್ನು ಸ್ಕೇಲ್ ಎಷ್ಟು ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಊಟದ ಟೇಬಲ್ ಎಷ್ಟು ಎತ್ತರ ಇದೆ ಅಂತ ಕೇಳಿ. ನಿಜವಾದ ಟೇಬಲ್ ಸುಮಾರು 75 ಸೆಂ.ಮೀ. ಅಂದರೆ 1:12ರಲ್ಲಿ 6.3 ಸೆಂ.ಮೀ., 1:16ರಲ್ಲಿ 4.7, 1:18ರಲ್ಲಿ 4.2, 1:24ರಲ್ಲಿ 3.1. ಮನೆಯನ್ನು ಅಳೆಯಲು ಬಾಗಿಲು ನೋಡಿ. ಎರಡು ಮೀಟರಿನ ಬಾಗಿಲು 1:16ರಲ್ಲಿ 12.5 ಸೆಂ.ಮೀ., 1:24ರಲ್ಲಿ 8.3. ಹಳೆ ಆಟಿಕೆಗಳು ಈ ಲೆಕ್ಕವನ್ನು ಅಚ್ಚುಕಟ್ಟಾಗಿ ಪಾಲಿಸುವುದಿಲ್ಲ, ಒಂದೇ ಸೆಟ್ಟಿನಲ್ಲಿ ಸ್ನಾನದ ತೊಟ್ಟಿ ಚಿಕ್ಕದು, ರೇಡಿಯೋ ದೊಡ್ಡದು ಇರುವುದುಂಟು. ಆದರೂ 1:16 ಮತ್ತು 1:24ರ ನಡುವಿನ ಗೊಂದಲವನ್ನು ಇದು ತಪ್ಪಿಸುತ್ತದೆ.

ಯಾವ ಕಾಲದ್ದು, ಯಾರದ್ದು

1940ರ ದಶಕದ ಕೊನೆ ಮತ್ತು 1950ರ ದಶಕದ ಅಮೆರಿಕದ ಗಟ್ಟಿ ಪ್ಲಾಸ್ಟಿಕ್ ಫರ್ನಿಚರ್ ನನಗೆ ಎಲ್ಲಕ್ಕಿಂತ ಇಷ್ಟ. ಅದರಲ್ಲೂ ನ್ಯೂಯಾರ್ಕ್ ರಾಜ್ಯದ ಮಿನಿಯೋಲಾದಲ್ಲಿದ್ದ ರೆನ್ವಾಲ್ ಕಂಪನಿಯದು. 1:16 ಅಳತೆ. ಇವು ಬರೀ ನೋಡುವ ವಸ್ತುಗಳಲ್ಲ. ಡ್ರಾಯರ್ ಎಳೆದರೆ ಬರುತ್ತದೆ, ಒಲೆಯ ಬಾಗಿಲು ತೆರೆಯುತ್ತದೆ. ಬೆರಳುಗಳ ನಡುವೆ ಹಿಡಿಯುವಷ್ಟು ಪುಟ್ಟ ವಸ್ತುವಿನಲ್ಲಿ ಇಷ್ಟೆಲ್ಲ ಕೆಲಸ ಮಾಡಿದ್ದಾರಲ್ಲ ಅನ್ನಿಸುತ್ತದೆ. ಬುಡ ತಿರುಗಿಸಿ ನೋಡಿದರೆ ಕಂಪನಿಯ ಹೆಸರು ಮತ್ತು ಸಂಖ್ಯೆ ಅಚ್ಚಾಗಿರುತ್ತದೆ, ಹಾಗಾಗಿ ಹೊಸಬರಿಗೂ ಗುರುತಿಸುವುದು ಸುಲಭ. ತೊಂದರೆ ಇರುವುದೂ ಅದೇ ಚಲಿಸುವ ಭಾಗಗಳಲ್ಲಿ. ಬಾಗಿಲಿನ ಕೀಲು, ಡ್ರಾಯರ್ ಹಿಡಿ, ತೆಳ್ಳಗಿನ ಕಾಲು ಇವೇ ಮೊದಲು ಮುರಿಯುವುದು. ಕೊಳ್ಳುವ ಮುಂಚೆ ಡ್ರಾಯರ್‌ಗಳು ಎಲ್ಲವೂ ಇವೆಯೇ, ತೆಗೆದು ತೋರಿಸುತ್ತೀರಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಐಡಿಯಲ್ ಕಂಪನಿಯದೂ ಅದೇ ಕಾಲ, ಅದೇ ಅಳತೆ, ರೆನ್ವಾಲ್ ಜೊತೆ ಚೆನ್ನಾಗಿ ಹೊಂದುತ್ತದೆ. ಮರದ ಎಳೆಯಂತೆ ಕಾಣಲಿ ಅಂತ ಎರಡು ಕಂದು ಬಣ್ಣಗಳನ್ನು ಸುಳಿಸುಳಿಯಾಗಿ ಬೆರೆಸಿದ ತುಂಡುಗಳು ಇದರಲ್ಲಿ ಬಹಳ ಚಂದ. ಒಂದು ತುಂಡಿನ ಸುಳಿ ಇನ್ನೊಂದರಲ್ಲಿ ಇರುವುದಿಲ್ಲ. ಪ್ಲಾಸ್ಕೊದ 'ಲಿಟಲ್ ಹೋಮ್‌ಮೇಕರ್' ಸೆಟ್ಟುಗಳು ಇವೆರಡಕ್ಕಿಂತ ಸರಳ. ಶುರು ಮಾಡುವವರಿಗೆ ಅದೂ ಒಳ್ಳೆಯದೇ.

ಲೂಯಿ ಮಾರ್ಕ್ಸ್ ಕಂಪನಿಯ ದಾರಿ ಬೇರೆ. ಬಣ್ಣ ಅಚ್ಚು ಹಾಕಿದ ತಗಡಿನ ಮನೆ, ಒಳಗೆ ಪ್ಲಾಸ್ಟಿಕ್ ಫರ್ನಿಚರ್. ಗೋಡೆಯ ಚಿತ್ರ, ಪರದೆ, ನೆಲಹಾಸು ಎಲ್ಲವೂ ತಗಡಿನ ಮೇಲೇ ಮುದ್ರಿತ. ಫರ್ನಿಚರ್ ಒಂದೇ ಬಣ್ಣದ್ದು, ಡ್ರಾಯರ್‌ಗಳು ತೆರೆಯುವುದಿಲ್ಲ, ಗೆರೆಯಾಗಿ ಮಾತ್ರ ಅಚ್ಚಾಗಿರುತ್ತವೆ. ಹಾಗಾಗಿ ಮುರಿಯುವುದು ಕಡಿಮೆ. ಇಡೀ ಮನೆಯನ್ನು ಒಟ್ಟಿಗೆ, ತುಂಬಿದ ಹಾಗೆ ನೋಡಬೇಕು ಅನ್ನುವವರಿಗೆ ಮಾರ್ಕ್ಸ್ ಸರಿ. ಇದರಲ್ಲಿ ಎರಡು ಎಚ್ಚರಿಕೆ. 1:24 ಮತ್ತು 1:16 ಎರಡೂ ಅಳತೆಯಲ್ಲಿ ಬಂದಿವೆ, ಗಟ್ಟಿ ಮತ್ತು ಮೆತ್ತನೆ ಎರಡೂ ಪ್ಲಾಸ್ಟಿಕ್‌ನಲ್ಲಿ ಬಂದಿವೆ. ಬಿಡಿ ತುಂಡುಗಳನ್ನು ಕಂಪನಿ ಹೆಸರು ನೋಡಿ ಸುಮ್ನೆ ಸೇರಿಸುತ್ತಾ ಹೋದರೆ ಕಲಸುಮೇಲೋಗರ ಆಗುತ್ತದೆ.

ತಗಡಿನ ಮನೆಯ ಪ್ರಾಣ ಅದರ ನಾಲಿಗೆಗಳಲ್ಲಿ. ಗೋಡೆಯ ಅಂಚಿನ ಪುಟ್ಟ ನಾಲಿಗೆಯನ್ನು ಎದುರಿನ ಸೀಳಿಗೆ ತೂರಿಸಿ ಬಗ್ಗಿಸಿದರೆ ಮನೆ ನಿಲ್ಲುತ್ತದೆ. ಇದನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬುಡದಲ್ಲಿ ಕಡಿದು ಬೀಳುತ್ತದೆ. ಆದ್ದರಿಂದ ಈಗಾಗಲೇ ಜೋಡಿಸಿದ ಮನೆ ಸಿಕ್ಕಿದರೆ, ಬಿಚ್ಚದೆ ಹಾಗೇ ಸಾಗಿಸಲು ಆಗುತ್ತದಾ ನೋಡಿ. ತುಕ್ಕು ಶುರುವಾಗುವುದು ಕತ್ತರಿಸಿದ ಅಂಚಿನಿಂದ, ಅಲ್ಲಿ ಬಣ್ಣದ ರಕ್ಷಣೆ ಇರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೇ ಒಣಬಟ್ಟೆ ಹಾಕಬೇಕು.

1964ರಲ್ಲಿ ಐಡಿಯಲ್ ತಂದ 'ಪೆಟೀಟ್ ಪ್ರಿನ್ಸೆಸ್' ಅರಮನೆಯ ಸಾಮಾನಿನ ಥರ. ಹೊಳಪಿನ ಬಟ್ಟೆಯ ಕುರ್ಚಿ, ದೊಡ್ಡ ಪಿಯಾನೋ, ಚಿನ್ನದ ಬಣ್ಣದ ದೀಪಗಳು. ಅಳತೆ 1:16. ಮರುವರ್ಷ ಬಂದ 'ಪ್ರಿನ್ಸೆಸ್ ಪ್ಯಾಟಿ' ಸಾಲಿನಲ್ಲಿ ಅಡುಗೆಮನೆ, ಬಚ್ಚಲುಮನೆಯ ಸಾಮಾನು ಸೇರಿತು, ಅವು ಈಗ ಸಿಗುವುದು ಕಡಿಮೆ. ನೋಡಲು ತುಂಬಾ ಚಂದ, ರಿಪೇರಿಗೆ ಕಷ್ಟ. ಬಟ್ಟೆಗೆ ಕಲೆ ಬಿದ್ದಿದ್ದರೆ ತೊಳೆಯಲು ಆಗುವುದಿಲ್ಲ, ಚಿನ್ನದ ಬಣ್ಣ ಒರೆಸಿದರೆ ಹೋಗುತ್ತದೆ. ಈ ಸಾಲಿನಲ್ಲಿ ಮಾತ್ರ ನನ್ನ ಸಲಹೆ ಬೇರೆ: ರಿಪೇರಿ ಮಾಡಿಕೊಳ್ಳೋಣ ಅಂತ ಕೊಳ್ಳಬೇಡಿ, ಚೆನ್ನಾಗಿರುವುದನ್ನೇ ಕಾಯ್ದು ಕೊಳ್ಳಿ.

ಯುರೋಪಿನ ಕಡೆ ಬಂದರೆ, ಗೋಥೆನ್‌ಬರ್ಗ್‌ನ ಲುಂಡ್‌ಬಿ 1947ರಲ್ಲಿ ಶುರುವಾದದ್ದು. ಮನೆ ಮರದ ಹಲಗೆಯದು, ಫರ್ನಿಚರ್‌ನಲ್ಲಿ ಪ್ಲಾಸ್ಟಿಕ್ ಜಾಸ್ತಿ. ಇದರ ಆಕರ್ಷಣೆ ದೀಪಗಳು, ಕಡಿಮೆ ವೋಲ್ಟೇಜಿನಲ್ಲಿ ಉರಿಯುವ ಪುಟ್ಟ ಬಲ್ಬುಗಳು. ಹಳೆಯ ಟ್ರಾನ್ಸ್‌ಫಾರ್ಮರ್ ಜೊತೆಗೆ ಬಂದರೆ ಅದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಬೇಡಿ. ಒಳಗಿನ ವೈರಿನ ಹೊದಿಕೆ ಎಷ್ಟು ಗಟ್ಟಿ ಉಳಿದಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಅಷ್ಟೇ ವೋಲ್ಟೇಜಿನ ಹೊಸದನ್ನು ಹಾಕಿ. ಬ್ರಿಟನ್ನಿನ ಟ್ರಯಾಂಗ್ ಸ್ಪಾಟ್-ಆನ್ 1960ರ ದಶಕದಲ್ಲಿ ಮಾಡಿದ 'ಜೆನ್ನೀಸ್ ಹೋಮ್' ಕೋಣೆಗಳನ್ನು ಒಂದರ ಮೇಲೊಂದು ಪೇರಿಸಬಹುದು. ಜಾಗ ಕಡಿಮೆ ಇರುವವರು ಒಂದೊಂದೇ ಕೋಣೆಯಾಗಿ ಕೂಡಿಸುತ್ತಾ ಹೋಗಲು ಇದು ಅನುಕೂಲ.

ಕೊನೆಗೆ ಪೂರ್ತಿ ಅಥವಾ ಬಹುಪಾಲು ಪ್ಲಾಸ್ಟಿಕ್ ಮನೆಗಳು. ಫಿಷರ್-ಪ್ರೈಸ್ 1978ರಲ್ಲಿ ತಂದ ಮೂರಂತಸ್ತಿನ ಮನೆ, ಟೋಮಿಯ 1980ರ ದಶಕದ 'ಸ್ಮಾಲರ್ ಹೋಮ್ಸ್'. ಎರಡೂ ಸುಮಾರು 1:16. ಮಕ್ಕಳ ಕೈಗೆ ಕೊಡಲೆಂದೇ ಮಾಡಿದ್ದರಿಂದ ಗಟ್ಟಿಮುಟ್ಟು. ಮೊದಲ ಸಲ ರಿಪೇರಿಗೆ ಕೈಹಾಕುವವರಿಗೆ ನಾನು ಇದನ್ನೇ ಹೇಳುವುದು. ಆದರೆ ಸಣ್ಣ ಮಕ್ಕಳಿರುವ ಮನೆಯಲ್ಲಿ ಒಂದು ಮಾತು. ಹಳೆಯ ಆಟಿಕೆಗಳ ಪೇಂಟಿನಲ್ಲಿ ಸೀಸ, ಕೆಂಪು ಹಳದಿ ಪ್ಲಾಸ್ಟಿಕ್‌ನ ಬಣ್ಣದಲ್ಲಿ ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ. ಯಾವ ಕಾಲದ್ದೇ ಇರಲಿ, ಬಾಯಿಗೆ ಹಾಕುವ ವಯಸ್ಸಿನವರ ಕೈಗೆ ಸಿಗದ ಹಾಗಿಡಿ.

ಪೂರ್ತಿ ಸೆಟ್ಟೋ, ಬಿಡಿ ತುಂಡುಗಳೋ?

ಡಬ್ಬದ ಸಮೇತ ಪೂರ್ತಿ ಸೆಟ್ ಸಿಕ್ಕಿದರೆ ಯಾವುದು ಯಾವುದರ ಜೊತೆ ಬಂದಿತ್ತು ಅನ್ನುವ ತಲೆನೋವಿಲ್ಲ. ಬೆಲೆ ಜಾಸ್ತಿ, ಮುಟ್ಟಲೂ ಹೆದರಿಕೆ. ಖಾಲಿ ಮನೆಯೊಂದನ್ನು ಕೊಂಡು ನಿಧಾನವಾಗಿ ತುಂಬಿಸುವುದರಲ್ಲಿ ಹುಡುಕಾಟದ ಸುಖ ಇದೆ, ಆದರೆ ದೊಡ್ಡ ಮನೆ ಸಾಗಿಸುವುದರಲ್ಲೇ ಪೆಟ್ಟು ತಿನ್ನುತ್ತದೆ. ನನ್ನ ಒಲವು ಮಿಶ್ರ ಗಂಟಿನ ಕಡೆಗೆ, ಅಂದರೆ ಮುರಿದದ್ದು, ಚೆನ್ನಾಗಿರುವುದು ಎಲ್ಲ ಸೇರಿಸಿ ಒಟ್ಟಿಗೆ ಮಾರುವುದು. ಒಂದೇ ಮಾದರಿಯ ಎರಡು ಮುರಿದ ಕುರ್ಚಿಗಳಿಂದ ಒಂದು ಒಳ್ಳೆಯ ಕುರ್ಚಿ ಆಗುತ್ತದೆ, ಉಳಿದದ್ದು ಅಂಟಿನ ಪರೀಕ್ಷೆಗೆ ಬರುತ್ತದೆ. ಬೆಲೆಬಾಳುವ ತುಂಡಿನ ಮೇಲೆ ಮೊದಲ ಪ್ರಯೋಗ ಮಾಡುವ ಅಗತ್ಯ ಬೀಳುವುದಿಲ್ಲ, ಅಲ್ವಾ?

ತೊಳೆಯುವುದು

ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತನೆ ಬ್ರಷ್. ಬಹುಪಾಲು ಕೊಳೆ ಇದಕ್ಕೇ ಹೋಗುತ್ತದೆ. ಕಾಗದದ ಲೇಬಲ್, ಬಟ್ಟೆ, ಕೈಯಿಂದ ಹಚ್ಚಿದ ಬಣ್ಣ ಇರುವುದನ್ನು ಮುಳುಗಿಸಬೇಡಿ. ಅಸಿಟೇಟ್ ನೀರು ಹೀರುತ್ತದೆ, ಅದನ್ನು ಒಣ ಬ್ರಷ್‌ನಿಂದಲೇ ಶುಚಿ ಮಾಡಿ.

ಪಾಲಿಸ್ಟೈರೀನ್‌ಗೆ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ತಾಗಿಸಲೇಬಾರದು, ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಕಿತ್ತಳೆ ಎಣ್ಣೆಯ ಕ್ಲೀನರ್‌ಗಳೂ ಹಾಗೆಯೇ. ನೈಸರ್ಗಿಕ ಅಂತ ಬಾಟಲಿ ಮೇಲೆ ಬರೆದಿದ್ದರೂ ಅದರಲ್ಲಿರುವ ಲಿಮೊನೀನ್ ಪಾಲಿಸ್ಟೈರೀನ್‌ಗೆ ವಿಷ. ಬಿಳಿ ಮೆಲಮೈನ್ ಸ್ಪಂಜು ಕಲೆ ತೆಗೆಯುತ್ತದೆ ನಿಜ, ಆದರೆ ಅದು ಕೆಲಸ ಮಾಡುವುದು ನಯವಾದ ಉಪ್ಪುಕಾಗದದ ಥರ, ಹೊಳಪನ್ನೂ ಉಜ್ಜಿಬಿಡುತ್ತದೆ. ಬುಡದಲ್ಲಿ ಬಳಸಿ, ಮುಂದಿನ ಮುಖಕ್ಕೆ ಬೇಡ.

ಅಂಟಿಸುವುದು: ಇಲ್ಲೇ ಎರಡು ಪ್ಲಾಸ್ಟಿಕ್‌ಗಳ ದಾರಿ ಬೇರೆಯಾಗುವುದು

ಪಾಲಿಸ್ಟೈರೀನ್ ಕುರ್ಚಿಯ ಕಾಲು ಮುರಿದಿದೆ ಅಂದುಕೊಳ್ಳಿ. ಕೈಗೆ ಮೊದಲು ಸಿಗುವುದು ಸೂಪರ್ ಗ್ಲೂ. ಅದು ಬೇಗ ಹಿಡಿಯುತ್ತದೆ, ಆದರೆ ಸುತ್ತ ಬಿಳಿ ಮಂಜಿನಂಥ ಕಲೆ ಬಿಡುತ್ತದೆ, ಕಾಲಕ್ರಮೇಣ ಪೆಡಸಾಗಿ ಅದೇ ಜಾಗದಲ್ಲಿ ಬಿಡುತ್ತದೆ. ಪ್ಲಾಸ್ಟಿಕ್ ವಿಮಾನ, ಕಾರಿನ ಮಾದರಿ ಜೋಡಿಸುವವರು ಬಳಸುವ, ಸಿಮೆಂಟ್ ಅಂತ ಕರೆಯುವ ತೆಳ್ಳಗಿನ ದ್ರವ ಇದಕ್ಕಿಂತ ಎಷ್ಟೋ ಮೇಲು. ಅದು ಗೋಂದಿನ ಹಾಗೆ ನಡುವೆ ಕೂರುವುದಿಲ್ಲ, ಎರಡೂ ಮುಖಗಳನ್ನು ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ.

ಮಾಡುವ ರೀತಿ ಹೀಗೆ. ಮುರಿದ ಮುಖದಲ್ಲಿ ಹಳೆ ಗೋಂದು ಇದ್ದರೆ ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಮುಖವನ್ನು ಉಜ್ಜಿ ನಯ ಮಾಡಬೇಡಿ, ಆ ಒರಟುತನದಿಂದಲೇ ಎರಡು ತುಂಡೂ ಸರಿಯಾಗಿ ಕಚ್ಚಿಕೊಳ್ಳುವುದು. ಮೊದಲು ಸಿಮೆಂಟ್ ಹಚ್ಚದೆಯೇ ಜೋಡಿಸಿ ಹಿಡಿಯಿರಿ. ಆಮೇಲೆ ಸಣ್ಣ ಬ್ರಷ್‌ನ ತುದಿಯನ್ನು ಸಿಮೆಂಟಿನಲ್ಲಿ ಅದ್ದಿ ಬಿರುಕಿನ ಗೆರೆಗೆ, ಒಳಭಾಗದಿಂದ, ಒಮ್ಮೆ ತಾಗಿಸಿ. ದ್ರವ ತಾನಾಗಿ ಗೆರೆಯುದ್ದಕ್ಕೂ ಓಡುತ್ತದೆ, ಅದನ್ನು ನೋಡುವುದೇ ಒಂದು ಖುಷಿ. ಮೆಲ್ಲಗೆ ಒತ್ತಿದರೆ ಗೆರೆಯಲ್ಲಿ ಕೂದಲೆಳೆಯಷ್ಟು ಕರಗಿದ ಪ್ಲಾಸ್ಟಿಕ್ ಹೊರಬರುತ್ತದೆ. ಒರೆಸಲು ಹೋಗಬೇಡಿ, ಒರೆಸಿದರೆ ಹೊಳಪು ಹೋಗಿ ಬೆರಳಿನ ಗುರುತು ಉಳಿಯುತ್ತದೆ. ಒಂದು ಇಡೀ ದಿನ ಅಲುಗಾಡಿಸದೆ ಬಿಡಿ. ಕಿಟಕಿ ತೆರೆದಿರಲಿ, ಆ ಆವಿ ಒಳ್ಳೆಯದಲ್ಲ.

ಪಾಲಿಎಥಿಲೀನ್‌ಗೆ ಈ ಸಿಮೆಂಟೂ ಹಿಡಿಯುವುದಿಲ್ಲ, ಮನೆಯಲ್ಲಿರುವ ಯಾವ ಮಾಮೂಲಿ ಅಂಟೂ ಹಿಡಿಯುವುದಿಲ್ಲ. ಮುರಿದದ್ದನ್ನು ಜೋಡಿಸಲೇಬೇಕಿದ್ದರೆ ಎರಡೂ ಕಡೆ ಸಣ್ಣ ತೂತು ಕೊರೆದು ತಂತಿಯ ಮೊಳೆ ತೂರಿಸಬೇಕು. ಆದರೆ ಬಾಗಿದ ಕಾಲನ್ನು ನೆಟ್ಟಗೆ ಮಾಡುವುದು ಇದರಲ್ಲಿ ಬಹಳ ಸುಲಭ. ಚೆನ್ನಾಗಿ ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಬೇಕಾದ ಆಕಾರಕ್ಕೆ ಹಿಡಿದು, ಹಾಗೇ ತಣ್ಣೀರಿಗೆ ಇಳಿಸಿದರೆ ನಿಲ್ಲುತ್ತದೆ. ಇದೇ ಉಪಾಯವನ್ನು ಗಟ್ಟಿ ಪ್ಲಾಸ್ಟಿಕ್ ಮೇಲೆ ಮಾಡಿದರೆ ಕುರ್ಚಿ ಕಳೆದುಕೊಳ್ಳುತ್ತೀರಿ. ಮೊದಲೇ ಉಗುರಿನಿಂದ ತಟ್ಟಿ ನೋಡಿ ಅಂದದ್ದು ಇದಕ್ಕೇ.

ಹಳದಿ ತಿರುಗಿದ್ದನ್ನು ಬಿಳಿ ಮಾಡಬೇಕೇ?

ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಟ್ಟು ಬಿಳಿ ಮಾಡುವ ವಿಧಾನ ಹಳೆ ಕಂಪ್ಯೂಟರ್ ಇಷ್ಟಪಡುವವರಿಂದ ಹರಡಿದ್ದು. ಹಳೆ ಕಂಪ್ಯೂಟರಿನ ಹೊರಕವಚಗಳಲ್ಲಿ ಕಾಣುವ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಮೇಲೆ ಕೆಲಸ ಮಾಡುತ್ತದೆ, ಆದರೆ ಹಳದಿ ಮತ್ತೆ ಬರುವುದುಂಟು, ಸಮನಾಗಿ ಸವರದಿದ್ದರೆ ಪಟ್ಟೆಪಟ್ಟೆ ಆಗುತ್ತದೆ. 1980ರ ದಶಕದ ಬಿಳಿ ಗೋಡೆಯೊಂದು ಉಳಿದವಕ್ಕೆ ಹೊಂದದಷ್ಟು ಹಳದಿಯಾಗಿದ್ದರೆ ಮಾಡಿ ನೋಡಬಹುದು. ಆ ಭಾಗವನ್ನು ಬಿಚ್ಚಿ ಪೂರ್ತಿ ಮುಳುಗಿಸಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು. 1940-50ರ ಸುಳಿಬಣ್ಣದ ತುಂಡುಗಳಿಗೆ ಖಂಡಿತ ಬೇಡ. ಅವುಗಳ ದಂತದ ಬಣ್ಣ ಕೆಲವೊಮ್ಮೆ ಹಳದಿಯಾದದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಬುಡದ ಮೂಲೆ ನೋಡಿದರೆ ತಿಳಿಯುತ್ತದೆ.

ಕಳೆದುಹೋದ ಡ್ರಾಯರ್, ಬಾಗಿಲುಗಳನ್ನು ಈಗ ತ್ರೀಡಿ ಪ್ರಿಂಟ್ ಮಾಡಿಸಬಹುದು. ಮಾಡಿಸಿ, ಆದರೆ ಒಳಭಾಗದಲ್ಲಿ ಹೊಸದು ಅಂತ ಗುರುತು ಹಾಕಿ. ಮಾರುವಾಗ ಅಂಟಿಸಿದ್ದನ್ನೂ ಬದಲಿಸಿದ್ದನ್ನೂ ಹೇಳಿಬಿಡಿ. ಮುಂದೆ ಅದನ್ನು ಇಟ್ಟುಕೊಳ್ಳುವವರಿಗೆ ಸಲ್ಲಬೇಕಾದ ಮಾಹಿತಿ ಅದು.

ಇಡುವುದು

ರಿಪೇರಿಗಿಂತ ಜಾಸ್ತಿ ತುಂಡುಗಳು ಉಳಿಯುವುದು ಇಡುವ ರೀತಿಯಿಂದ. ಬಿಸಿಲು ಬೀಳುವ ಕಿಟಕಿ, ಸೆಖೆಯ ಅಟ್ಟ ಬೇಡ. ರಬ್ಬರ್ ಬ್ಯಾಂಡ್ ಬೇಡ, ಪುಡಿಯಾಗುವ ಫೋಮ್ ಬೇಡ. ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ವರ್ಷಗಟ್ಟಲೆ ಸುತ್ತಿಟ್ಟರೆ ಗುಳ್ಳೆಯ ಗುರುತು ಮೂಡುತ್ತದೆ. ಆಮ್ಲವಿಲ್ಲದ ಟಿಶ್ಯೂ ಕಾಗದ, ರಟ್ಟಿನ ಡಬ್ಬ ಸಾಕು. ಅಸಿಟೇಟ್ ತುಂಡುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಬೇಡಿ, ಅವುಗಳ ಆವಿಯೇ ಅವನ್ನು ಇನ್ನಷ್ಟು ಬೇಗ ತಿನ್ನುತ್ತದೆ.

ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಮೆತ್ತನೆ ಪಿವಿಸಿ ಗೊಂಬೆಯನ್ನು ಪಾಲಿಸ್ಟೈರೀನ್ ಸೋಫಾದ ಮೇಲೆ ಕೂರಿಸಿ ತಿಂಗಳುಗಟ್ಟಲೆ ಬಿಟ್ಟರೆ, ಗೊಂಬೆಯನ್ನು ಮೆತ್ತಗಿಟ್ಟಿರುವ ಎಣ್ಣೆಯಂಥ ಪದಾರ್ಥ ಕೆಳಗಿಳಿದು ಸೋಫಾವನ್ನು ಕರಗಿಸುತ್ತದೆ. ಎತ್ತಿ ನೋಡಿದರೆ ಗೊಂಬೆಯ ಕಾಲಿನ ಆಕಾರದಲ್ಲಿ ಅಂಟಂಟಾದ ಗುಳಿ ಬಿದ್ದಿರುತ್ತದೆ, ಅದನ್ನು ತುಂಬಲು ಆಗುವುದಿಲ್ಲ. ಮೆತ್ತನೆ ವೈರಿನ ಹೊದಿಕೆಯೂ ಹೀಗೇ ಮಾಡುತ್ತದೆ. ಕೊಳ್ಳುವಾಗ ಕೂರುವ ಜಾಗ, ಹಾಸಿಗೆಯ ಮೇಲ್ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಈ ಗುಳಿ ಇದೆಯೇ ನೋಡಿ. ಮನೆಯಲ್ಲಿ ಜೋಡಿಸಿಟ್ಟಾಗ ಗೊಂಬೆ ಮತ್ತು ಕುರ್ಚಿಯ ನಡುವೆ ಒಂದು ತುಂಡು ಹತ್ತಿಬಟ್ಟೆ ಹಾಕಿ, ಒಳಗೆ ಎತ್ತಿಡುವಾಗ ಎರಡನ್ನೂ ಬೇರೆ ಬೇರೆ ಡಬ್ಬದಲ್ಲಿಡಿ.